ಮೂರನೇ ಮಹಡಿಯ ಘಾಟು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದ ಆ ಹೆಂಗಸನ್ನು ಅಲ್ಲಿಯವರೆಲ್ಲ ಪಾದರಸಕ್ಕ ಎಂದೇ ಕರೆಯುತ್ತಿದ್ದರು. ಒಂದು ಕಡೆ ನಿಂತವಳಲ್ಲ. ಯಂತ್ರದ ಹೊಟ್ಟೆಯಿಂದ ಒದ್ದೆ ಚಾದರಗಳನ್ನು ಎಳೆದು ತಳ್ಳುಗಾಡಿಗೆ ತುಂಬುತ್ತಿರುವಾಗಲೇ ಅವಳ ಕಣ್ಣು ಇಸ್ತ್ರಿ ಹಾಕುವವರ ಕೈ ಮೇಲಿರುತ್ತಿತ್ತು. ಅಲ್ಲಿ ಯಾರಾದರೂ ಅಂಚು ಸೊಟ್ಟ ಮಡಿಸಿದರೆ ಗಾಡಿಯನ್ನು ಅಲ್ಲೇ ಬಿಟ್ಟು ಓಡುವಳು. ಊಟವನ್ನೂ ನಿಂತೇ ಮುಗಿಸುವಳು.

"ಕೂತ್ಕೊಂಡು ತಿನ್ನೇ, ನೆಲ ಏನು ಕಚ್ಚುತ್ತಾ?" ಎಂದು ಜೊತೆಯವರು ರೇಗಿಸಿದರೆ, "ಕೂತ್ರೆ ಎಬ್ಬಿಸೋಕೆ ಇನ್ನೊಬ್ಬರು ಬೇಕಾಗ್ತಾರೆ ಕಣ್ರೇ" ಅನ್ನುವಳು.

ಅವಳ ಊಟದ ಚೀಲದಲ್ಲಿ ಒಂದು ತಗಡಿನ ಡಬ್ಬಿ ಯಾವಾಗಲೂ ಇರುತ್ತಿತ್ತು. ಮನೆಯಲ್ಲೇ ಮಾಡಿದ ಖಾರದ ಪುಡಿ. ಆಸ್ಪತ್ರೆಯ ಅಡುಗೆಮನೆಯಿಂದ ಬರುವ ಸಪ್ಪೆ ಬೇಳೆಗೆ, ಬೇಯಿಸಿದ ಆಲೂಗೆಡ್ಡೆಗೆ, ಮೊಟ್ಟೆಗೆ ಒಂದು ಚಿಟಿಕೆ ಉದುರಿಸಿದರೆ ಸಾಕು, ಸತ್ತ ಊಟ ಎದ್ದು ಕೂರುತ್ತಿತ್ತು. ಡಬ್ಬಿ ಕೈಯಿಂದ ಕೈಗೆ ಹೋಗಿ ಅವಳ ಬಳಿಗೆ ವಾಪಸು ಬರುವಷ್ಟರಲ್ಲಿ ತಳ ಕಾಣುತ್ತಿತ್ತು. ನಿವೃತ್ತಿಯಾದ ಮೇಲೂ ಹಳೆಯ ಜೊತೆಗಾತಿಯರು ಖಾಲಿ ಬಾಟಲಿ ಹಿಡಿದು ಮನೆಗೆ ಬರುವುದು ನಿಲ್ಲಲಿಲ್ಲ.

ಪುಡಿಯ ಲೆಕ್ಕ ಅವಳ ಅಂಗೈಯಲ್ಲೇ ಇತ್ತು. ಬಣ್ಣಕ್ಕೆ ಸುಕ್ಕು ಸುಕ್ಕಾದ ಉದ್ದ ಮೆಣಸಿನಕಾಯಿ ನಾಲ್ಕು ಹಿಡಿ, ಘಮಕ್ಕೆ ಗುಂಡನೆಯದು ಎರಡು ಹಿಡಿ, ಖಾರಕ್ಕೆ ಬೆರಳ ಗೆಣ್ಣಿನಷ್ಟೇ ಉದ್ದದ ಚೋಟು ಮೆಣಸಿನಕಾಯಿ ಒಂದು ಹಿಡಿ. ಅದಕ್ಕೆ ಜೀರಿಗೆ, ಕೊತ್ತಂಬರಿ ಬೀಜ, ತೆಳ್ಳಗೆ ಹೆಚ್ಚಿ ಒಣಗಿಸಿದ ಬೆಳ್ಳುಳ್ಳಿ, ಕಲ್ಲುಪ್ಪು. ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಮೆಣಸಿನಕಾಯಿ ಹುರಿಯುವಾಗ ಮಾತ್ರ ಬಾಣಲೆ ಬಿಟ್ಟು ಅಲ್ಲಾಡಬಾರದು. ಗರಿಗರಿಯಾಗುವುದಕ್ಕೂ ಕರಿಯಾಗುವುದಕ್ಕೂ ನಡುವೆ ಇರುವುದು ಬರೀ ಒಂದು ಉಸಿರು.

ಮೊದಲು ಅವರದು ಹಿತ್ತಿಲಿದ್ದ ನೆಲಮಟ್ಟದ ಮನೆ. ಹುರಿಯುವ ಕೆಲಸವೆಲ್ಲ ಹಿತ್ತಿಲಲ್ಲಿ, ಬಯಲ ಗಾಳಿಯಲ್ಲಿ ನಡೆಯುತ್ತಿತ್ತು. ರಸ್ತೆ ಅಗಲ ಮಾಡಲು ಆ ಸಾಲಿನ ಮನೆಗಳನ್ನೆಲ್ಲ ಕೆಡವಿದರು. ಗಂಡ ಹೆಂಡತಿ ನಾಲ್ಕು ಮಹಡಿಯ ಕಟ್ಟಡವೊಂದರ ಮೂರನೇ ಮಹಡಿಗೆ ಬಂದರು. ಗಂಡ ಕೈಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತನೆಂದರೆ ಮಧ್ಯಾಹ್ನದವರೆಗೆ ಕದಲುವವನಲ್ಲ. ಅವನಿಗೆ ಯಾವ ಮನೆಯಾದರೂ ಒಂದೇ, ಕಿಟಕಿಯ ಬೆಳಕು ಮೇಜಿನ ಮೇಲೆ ಬಿದ್ದರೆ ಸಾಕು. ಅವಳಿಗೆ ಮಾತ್ರ ಹೊಸ ಮನೆ ಪಂಜರವಾಯಿತು. ಅಡುಗೆಮನೆಯಿಂದ ಬಾಲ್ಕನಿಗೆ ಒಂಬತ್ತು ಹೆಜ್ಜೆ, ಬಾಲ್ಕನಿಯಿಂದ ಬಾಗಿಲಿಗೆ ಹದಿನಾಲ್ಕು. ದಿನಕ್ಕೆ ನೂರು ಸಲ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ.

"ನೀನು ಹೀಗೆ ಓಡಾಡ್ತಿದ್ರೆ ಸ್ಕ್ರೂ ಎಲ್ಲ ಉರುಳಿ ಹೋಗ್ತವೆ ಕಣೇ" ಎಂದು ಗಂಡ ತಲೆ ಎತ್ತದೆ ಹೇಳುತ್ತಿದ್ದ.

"ನಿಮ್ಮ ಸ್ಕ್ರೂ ಭದ್ರವಾಗೇ ಇದೆ ಬಿಡಿ. ಸಡಿಲ ಆಗಿರೋದು ನಂದು" ಅನ್ನುವಳು ಅವಳು.

ಹಳೆಯ ಮನೆಯಲ್ಲಿ ಮಾಡಿಟ್ಟಿದ್ದ ಪುಡಿ ಎಂಟು ತಿಂಗಳು ಬಂತು. ಅದು ಮುಗಿದ ವಾರ, ಒಂದು ಭಾನುವಾರ ಬೆಳಿಗ್ಗೆ, ಹೊಸ ಮನೆಯಲ್ಲಿ ಮೊದಲ ಸಲ ಬಾಣಲೆ ಇಟ್ಟಳು. ಕಿಟಕಿಗಳನ್ನೆಲ್ಲ ತೆರೆದಳು, ಹೊಗೆ ಹೊರಹಾಕುವ ಗೋಡೆಯ ಫ್ಯಾನು ಹಾಕಿದಳು. ಜೀರಿಗೆ ಆಯಿತು, ಕೊತ್ತಂಬರಿ ಬೀಜ ಆಯಿತು, ಉದ್ದ ಮೆಣಸಿನಕಾಯಿಯೂ ಚೆನ್ನಾಗಿಯೇ ಆಯಿತು. ಚೋಟು ಮೆಣಸಿನಕಾಯಿ ಬಾಣಲೆಗೆ ಹಾಕಿದಾಗ ಬಾಲ್ಕನಿಯ ಬಕೆಟ್ಟಿನಲ್ಲಿ ಹಿಂಡಿಟ್ಟ ಬಟ್ಟೆಗಳು ನೆನಪಾದವು. ಉರಿ ಸಣ್ಣದಿದೆ, ಎರಡು ಅಂಗಿ ಹರವಿ ಬರೋಣ ಅಂದುಕೊಂಡಳು. ಎರಡು ಅಂಗಿ ನಾಲ್ಕಾದವು. ನಾಲ್ಕನೆಯದರ ತೋಳು ಕೊಡವುವಾಗ ಗಂಟಲಿಗೆ ಏನೋ ಚುಚ್ಚಿದಂತಾಯಿತು.

ಓಡಿ ಬಂದು ನೋಡಿದರೆ ಬಾಣಲೆ ತುಂಬ ಇದ್ದಿಲು. ಬಿಳಿ ಹೊಗೆ ಫ್ಯಾನಿನ ಬಾಯಿಂದ ಹೊರಗೆ ನುಗ್ಗಿ ಗೋಡೆಗುಂಟ ನೇರ ಮೇಲಕ್ಕೆ ಹೋಗುತ್ತಿತ್ತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಲೆ ಆರಿಸಿದಳು. ಗಂಡ ಮಸೂರ ಕಿತ್ತೆಸೆದು ಕೆಮ್ಮುತ್ತ ಬಾಗಿಲು ತೆಗೆದ. ಮೆಟ್ಟಿಲ ಮೇಲಿಂದ ಕೆಳಗಿನವರೆಗೂ ಮನೆಮನೆಯಲ್ಲಿ ಸೀನು, ಕೆಮ್ಮು. ಯಾರೋ ನಗುತ್ತಿದ್ದರು ಕೂಡ. ಅಷ್ಟರಲ್ಲಿ ನೆತ್ತಿಯ ಮೇಲೆ, ಅಂದರೆ ನಾಲ್ಕನೇ ಮಹಡಿಯ ನೆಲದ ಮೇಲೆ, ಏನೋ ಭಾರವಾದದ್ದು ದೊಪ್ಪನೆ ಬಿತ್ತು.

ಮೇಲಿನ ಮನೆಯಲ್ಲಿ ಒಬ್ಬರೇ ಇರುತ್ತಿದ್ದವರು ನಿವೃತ್ತ ಲೆಕ್ಕದ ಮೇಷ್ಟ್ರು. ಆಸ್ತಮಾ ಇದ್ದವರು. ಮೆಟ್ಟಿಲು ಹತ್ತುವಾಗ ಪ್ರತಿ ತಿರುವಿನಲ್ಲಿ ನಿಂತು ಉಸಿರು ಹದ ಮಾಡಿಕೊಳ್ಳುವುದನ್ನು ಅವಳೇ ನೋಡಿದ್ದಳು. ಎರಡೆರಡು ಮೆಟ್ಟಿಲು ಹಾರಿ ಹೋದಳು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಮೇಷ್ಟ್ರು ಕುರ್ಚಿಯ ಸಮೇತ ಉರುಳಿದ್ದರು. ತುಟಿ ನೀಲಿಗಟ್ಟಿತ್ತು. ಉಸಿರೆಳೆದರೆ ತೂತು ಬಿದ್ದ ತಿದಿಯಂತೆ ಸುಂಯ್ ಎನ್ನುತ್ತಿತ್ತು. ಅವಳು ಅವರನ್ನು ಗೋಡೆಗೆ ಒರಗಿಸಿ ಕೂರಿಸಿ, ಮೇಜಿನ ಮೇಲಿದ್ದ ಇನ್ಹೇಲರ್ ಬಾಯಿಗಿಟ್ಟು ಒತ್ತಿದಳು. ಗಂಡ ಆಂಬುಲೆನ್ಸಿಗೆ ಫೋನು ಮಾಡಿದ. ಮೇಷ್ಟ್ರನ್ನು ಕೆಳಗಿಳಿಸುವಾಗ ಅವರ ಒಂದು ಚಪ್ಪಲಿ ಮೆಟ್ಟಿಲ ಮೇಲೆ ಜಾರಿ ಬಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಬೀದಿಯಲ್ಲಿ ನಿಂತಿದ್ದಳು, ಗಾಡಿ ಮರೆಯಾಗಿ ಎಷ್ಟೋ ಹೊತ್ತಿನವರೆಗೆ.

ಮರುದಿನ ಆ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ತಾನು ದುಡಿದ ಆಸ್ಪತ್ರೆಗೇ ಹೋದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ವಾರ್ಡುಗಳನ್ನು ನೋಡಿದ್ದೇ ಕಡಿಮೆ. ಅವಳ ಲೋಕವೆಲ್ಲ ನೆಲಮಾಳಿಗೆಯ ಆವಿಯಲ್ಲಿತ್ತು. ಮೇಷ್ಟ್ರು ಮೂಗಿಗೆ ಕೊಳವೆ ಹಾಕಿಸಿಕೊಂಡು ನಿದ್ದೆಯಲ್ಲಿದ್ದರು. ಹಾಸಿದ ಚಾದರದ ಒಂದು ಮೂಲೆ ಕಿತ್ತು ಬಂದಿತ್ತು. ಸುಮ್ಮನೆ ನಿಲ್ಲಲಾಗದೆ ಅದನ್ನು ಎಳೆದು ಮಡಿಸಿ ಹಾಸಿಗೆಯಡಿ ಸಿಕ್ಕಿಸಿದಳು. ಆಮೇಲೆ ಇನ್ನೊಂದು ಮೂಲೆ. ನರ್ಸು ಬಂದು, "ಏನಕ್ಕ, ಮತ್ತೆ ಡ್ಯೂಟಿಗೆ ಬಂದ್ರಾ?" ಎಂದಳು.

"ಇಲ್ಲಮ್ಮ. ಇವರು ಹೇಗಿದ್ದಾರೆ?"

"ಇನ್ನೊಂದು ಹತ್ತು ನಿಮಿಷ ತಡ ಆಗಿದ್ರೆ ಕಷ್ಟ ಇತ್ತು. ಈಗ ಪರವಾಗಿಲ್ಲ. ಇವರು ನಿಮಗೆ ಏನಾಗಬೇಕು?"

ಮೇಷ್ಟ್ರ ಕಣ್ಣೆವೆ ಅಲುಗಿದಂತಾಯಿತು. ಅವಳು ಚಪ್ಪಲಿಯನ್ನು ಮಂಚದಡಿ ಇಟ್ಟು ಹೊರಟುಬಿಟ್ಟಳು.

ಮೂರು ದಿನದ ನಂತರ ಕಟ್ಟಡದ ಕೆಳಗಿನ ಊಟದಂಗಡಿಯವನಿಗೂ ನಿವಾಸಿಗಳ ಸಂಘದ ಕಾರ್ಯದರ್ಶಿಗೂ ಜಗಳ ಹತ್ತಿತು. ಭಾನುವಾರದ ಘಾಟು ಅಂಗಡಿಯ ಒಲೆಯದೇ ಎಂದು ಕಾರ್ಯದರ್ಶಿ ತೀರ್ಮಾನಿಸಿದ್ದರು. ಒಲೆ ಎತ್ತಬೇಕು, ಇಲ್ಲದಿದ್ದರೆ ಅಂಗಡಿ ಎತ್ತಬೇಕು ಎಂದು ಗೋಡೆಗೆ ಕಾಗದ ಅಂಟಿಸಿದರು. ಅಂಗಡಿಯವನು ಬೀದಿಗೆ ಕೇಳುವಂತೆ ಕೂಗಾಡುತ್ತಿದ್ದ. "ಭಾನುವಾರ ನಾನು ಬಾಗಿಲೇ ತೆಗೆಯಲ್ಲ ಸ್ವಾಮಿ! ಮುಚ್ಚಿದ ಅಂಗಡಿಯಿಂದ ಹೊಗೆ ಬರುತ್ತಾ?"

ತರಕಾರಿ ತರಲು ಹೊರಟಿದ್ದ ಪಾದರಸಕ್ಕ ಕಾಗದ ಓದಿದಳು. ಮೇಲೆ ಹೋದಳು, ಮತ್ತೆ ಕೆಳಗೆ ಬಂದಳು, ಮತ್ತೆ ಮೇಲೆ ಹೋದಳು. ಕೊನೆಗೆ ಜನ ಸೇರಿದ್ದ ಕಡೆಗೇ ನಡೆದು ಕಾಗದವನ್ನು ಗೋಡೆಯಿಂದ ಕಿತ್ತಳು.

"ಅವರದೇನೂ ತಪ್ಪಿಲ್ಲ. ಮೆಣಸಿನಕಾಯಿ ಹುರಿದದ್ದು ನಾನು. ಒಲೆ ಮೇಲೆ ಬಿಟ್ಟು ಬಟ್ಟೆ ಹರವೋಕೆ ಹೋದವಳೂ ನಾನೇ."

ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಊಟದಂಗಡಿಯವನು ಮಾತ್ರ, "ದೊಡ್ಡ ಮನಸ್ಸು ಮಾಡಿದ್ರಿ ಅಮ್ಮ" ಎಂದ. ಆ ಮಾತೇ ಅವಳಿಗೆ ಹೆಚ್ಚು ಚುಚ್ಚಿತು.

ಅವತ್ತಿಂದ ಪುಡಿ ಮಾಡುವುದನ್ನು ಬಿಟ್ಟಳು. ಅಂಗಡಿಯಿಂದ ಪೊಟ್ಟಣ ತಂದಳು. ಕೆಂಪಗೆ ಮಿನುಗುವ ಪುಡಿ, ನಾಲಿಗೆಗೆ ಬರೀ ಉರಿ. ಗಂಡ ಒಂದು ವಾರ ಮಾತಾಡದೆ ಉಂಡ. ಎಂಟನೇ ದಿನ, "ಇದು ಕಣ್ಣಿಗೆ ಖಾರ, ಬಾಯಿಗೆ ಮಣ್ಣು" ಎಂದ. ಊರೊಳಗೆ ಬಸ್ಸು ಓಡಿಸುವ ಮಗಳು ತನ್ನ ಪಾಲಿನ ಡಬ್ಬಿಗೆಂದು ಬಂದವಳು ವಿಷಯ ಕೇಳಿ, "ಹೋಗ್ಲಿ ಬಿಡಮ್ಮ, ನಿನಗೂ ವಯಸ್ಸಾಯ್ತು, ಆರಾಮಾಗಿ ಕೂತಿರು" ಎಂದಳು. ಮಗಳ ಬಾಯಿಂದ ಬಂದ ಆ "ಕೂತಿರು" ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಮೇಷ್ಟ್ರು ನಾಲ್ಕೇ ದಿನಕ್ಕೆ ಮನೆಗೆ ಬಂದಿದ್ದರು. ನೋಡಿಕೊಂಡು ಬರೋಣ ಎಂದು ಅವಳು ಎಷ್ಟೋ ಸಲ ಹೊರಟಳು. ಮೆಟ್ಟಿಲ ತಿರುವಿನವರೆಗೆ ಹೋದರೆ ಕಾಲು ಮುಂದೆ ಏಳುತ್ತಿರಲಿಲ್ಲ. ಅವರ ಊರುಗೋಲಿನ ಸದ್ದು ಕೇಳಿದರೆ ಸಾಕು, ಮರೆತ ಸಾಮಾನು ನೆನಪಾದವಳಂತೆ ಮನೆಯೊಳಗೆ ಸೇರಿಕೊಳ್ಳುವಳು. ಮೇಲಿನ ಮನೆಯ ಕಿಟಕಿಗಳೆಲ್ಲ ಸದಾ ಮುಚ್ಚಿರುವುದನ್ನು ಬಾಲ್ಕನಿಯಿಂದ ಕತ್ತೆತ್ತಿ ನೋಡಿ ಒಳಗೊಳಗೇ ಕುದಿಯುವಳು. ಬೇಸಿಗೆ ಬಂದರೂ ಅವು ತೆರೆಯಲಿಲ್ಲ.

ಮನೆಯಲ್ಲಿ ಕೂರಲಾಗದೆ ಬೀದಿ ಸುತ್ತತೊಡಗಿದಳು. ಕಾಲು ಸುಟ್ಟ ಬೆಕ್ಕಿನ ಹಾಗೆ, ಹೋಗುವ ಕಡೆ ಅಂತ ಒಂದಿಲ್ಲ. ಒಂದು ಸಲ ಚಿಕ್ಕ ಸ್ಟೌ ಹೊತ್ತು ನದಿ ದಂಡೆಗೂ ಹೋದಳು. ಗಾಳಿಗೆ ಜ್ವಾಲೆ ನಿಲ್ಲಲಿಲ್ಲ. ಮೀನು ಹಿಡಿಯಲು ಕೂತಿದ್ದ ಒಬ್ಬ ಮುದುಕ ಅವಳನ್ನು ಬಹಳ ಹೊತ್ತು ನೋಡಿ, "ಅಮ್ಮ, ನಾನಿನ್ನೂ ಮೀನು ಹಿಡಿದೇ ಇಲ್ಲ, ನೀವಾಗಲೇ ಒಲೆ ಹಚ್ತಾ ಇದ್ದೀರಲ್ಲ" ಎಂದ. ಅವತ್ತು ಎಷ್ಟೋ ದಿನದ ಮೇಲೆ ಅವಳಿಗೆ ನಗು ಬಂತು.

ಹೀಗೆ ಸುತ್ತುವಾಗ ಒಂದು ಬೆಳಿಗ್ಗೆ ಹತ್ತೂವರೆಗೆ ಮೂರು ಬೀದಿ ಆಚೆಯ ಬ್ರೆಡ್ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಹಾದು ಹೋದಳು. ಅಂಗಡಿಯ ಒಡತಿ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ದಪ್ಪ ಹೆಂಗಸು, ಇಟ್ಟಿಗೆ ಗೂಡಿನಿಂದ ಕೆಂಡ ಎಳೆದು ನೀರು ಹಾಕುತ್ತಿದ್ದಳು.

"ದಿನದ ಬ್ರೆಡ್ ಮುಗೀತಾ?" ಎಂದು ಕೇಳಿದಳು ಪಾದರಸಕ್ಕ.

"ಬ್ರೆಡ್ ಮುಗೀತು. ಆದರೆ ಈ ಗೂಡು ಸಂಜೆತನಕ ಬಿಸಿ ಇರುತ್ತೆ ನೋಡಿ. ಅಷ್ಟು ಕಾವು ಸುಮ್ನೆ ಹಾಳು."

ಪಾದರಸಕ್ಕ ಗೂಡಿನ ಬಾಯಿಗೆ ಕೈ ಹಿಡಿದಳು. ಕೈಯನ್ನು ತಕ್ಷಣ ಹಿಂದೆಗೆಯಲಿಲ್ಲ. ಉರಿಯಿಲ್ಲ, ಹೊಗೆಯಿಲ್ಲ, ಸುತ್ತಲೂ ಸಮನಾದ ಬಿಸಿ. ಆಸ್ಪತ್ರೆಯಲ್ಲಿ ಚಾದರ ಒಣಗಿಸುವ ಕೋಣೆಯ ಬಿಸಿ ಹೀಗೇ ಇರುತ್ತಿತ್ತು.

"ಇದರೊಳಗೆ ಒಂದು ತಟ್ಟೆ ಮೆಣಸಿನಕಾಯಿ ಇಡಬಹುದಾ?" ಎಂದಳು. ಕೇಳಿದ ಮೇಲೆ ತನಗೇ ಹೆದರಿಕೆಯಾಯಿತು. ಬೇಕರಿಯವಳು ಏನಾಯಿತು ಎತ್ತ ಎಂದು ವಿಚಾರಿಸಿದಾಗ ಏನೂ ಬಚ್ಚಿಡದೆ ಭಾನುವಾರದ ಕತೆಯನ್ನೆಲ್ಲ ಹೇಳಿದಳು.

"ನನ್ನ ಗಿರಾಕಿಗಳನ್ನ ಓಡಿಸಬೇಡಿ, ಅಷ್ಟು ಸಾಕು" ಎಂದಳು ಬೇಕರಿಯವಳು.

ಮರುದಿನವೇ ಓಡಿಸಿದಳು. ಕೆಂಡ ಎಳೆದ ಕೂಡಲೇ ತಟ್ಟೆ ತಳ್ಳಿದ್ದರಿಂದ ಮೆಣಸಿನಕಾಯಿ ಐದೇ ನಿಮಿಷದಲ್ಲಿ ಕರಟಿತು. ಇಬ್ಬರೂ ಕಣ್ಣು ಮೂಗು ಒರೆಸಿಕೊಳ್ಳುತ್ತ ಗಲ್ಲಿಗೆ ಓಡಿದರು. ಅಂಗಡಿಯಲ್ಲಿ ಬನ್ನು ಕೊಳ್ಳುತ್ತಿದ್ದವರು ಬನ್ನು ಬಿಟ್ಟು ಓಡಿದರು. ಇನ್ನು ಈ ಕಡೆ ತಲೆ ಹಾಕುವಂತಿಲ್ಲ ಎಂದುಕೊಂಡು ಪಾದರಸಕ್ಕ ಚೀಲ ಎತ್ತಿಕೊಂಡಳು.

"ಎಲ್ಲಿಗೆ ಓಟ?" ಬೇಕರಿಯವಳು ಕೆಮ್ಮಿನ ನಡುವೆಯೇ ಗದರಿದಳು. "ಗೂಡಿಗೆ ಮೊದಲು ಹಿಟ್ಟು ಹಾಕಿ ಕೇಳಬೇಕು. ಅದು ಗೊತ್ತಿಲ್ದೆ ನೀವು ಬಂದ್ರಿ, ಹೇಳಿಕೊಡದೆ ನಾನೂ ಬಿಟ್ಟೆ."

ಗೂಡಿನ ನೆಲದ ಮೇಲೆ ಒಂದು ಚಿಟಿಕೆ ಹಿಟ್ಟು ಉದುರಿಸಿ ಎಣಿಸಬೇಕು. ಇಪ್ಪತ್ತಕ್ಕೆ ಹಿಟ್ಟು ಕಂದಿದರೆ ಅದು ಬ್ರೆಡ್ಡಿನ ಕಾವು. ಮೆಣಸಿನಕಾಯಿಗೆ ಎಷ್ಟು ಎನ್ನುವುದು ಬೇಕರಿಯವಳಿಗೂ ತಿಳಿದಿರಲಿಲ್ಲ. ಮುಂದಿನ ಮಂಗಳವಾರ ತಡ ಮಾಡಿ ಇಟ್ಟರು. ಮೆಣಸಿನಕಾಯಿ ತೊಗಲಿನ ಹಾಗೆ ಬಗ್ಗಿತೇ ಹೊರತು ಮುರಿಯಲಿಲ್ಲ, ಕುಟ್ಟಾಣಿಗೆ ಹಾಕಿದರೆ ಅಂಟಿಕೊಂಡು ಕೂತಿತು. ಅದರ ಮುಂದಿನ ವಾರ, ಹಿಟ್ಟು ಎಂಬತ್ತು ಎಣಿಸುವಷ್ಟರಲ್ಲಿ ತೆಳು ಚಹಾದ ಬಣ್ಣಕ್ಕೆ ಬಂದಾಗ ತಟ್ಟೆ ಒಳಗಿಟ್ಟು ಬಾಗಿಲು ಮುಚ್ಚಿದರು. ಮುಕ್ಕಾಲು ಗಂಟೆ ಬಾಗಿಲು ತೆಗೆಯುವಂತಿಲ್ಲ.

ಆ ಮುಕ್ಕಾಲು ಗಂಟೆ ಅವಳ ಪಾಲಿಗೆ ಇಪ್ಪತ್ತೊಂಬತ್ತು ವರ್ಷಕ್ಕಿಂತ ಉದ್ದವಾಯಿತು. ಕೈಯಾಡಿಸುವಂತಿಲ್ಲ, ಇಣುಕುವಂತಿಲ್ಲ. ಗಲ್ಲಿ ಗುಡಿಸಿದಳು. ಖಾಲಿ ಹಿಟ್ಟಿನ ಚೀಲಗಳನ್ನು ಕೊಡವಿ ಚಾದರದಂತೆ ನಾಲ್ಕು ಮಡಿಕೆ ಮಾಡಿ ಅಟ್ಟಿ ಕಟ್ಟಿದಳು. ಬಾಗಿಲ ಹಿಡಿಗೆ ಕೈ ಹೋದಾಗೆಲ್ಲ ಬೇಕರಿಯವಳು, "ಹ್ಞೂಂ!" ಅನ್ನುವಳು. ಕೊನೆಗೆ ತೆಗೆದಾಗ ಮೆಣಸಿನಕಾಯಿ ಒಣಗಿದ ಎಲೆಯಂತೆ ಸರಸರ ಸದ್ದು ಮಾಡಿತು. ಬೆರಳಲ್ಲಿ ಒತ್ತಿದರೆ ಪಟ್ಟೆಂದು ಮುರಿಯಿತು. ಬಣ್ಣ ಮಾಸಿರಲಿಲ್ಲ. ಯಾರೂ ಕೆಮ್ಮಲಿಲ್ಲ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಗಲ್ಲಿಯಲ್ಲೇ ಕುಟ್ಟಿ ಜರಡಿ ಹಿಡಿದಳು. ಬೇಕರಿಯವಳು ಬನ್ನಿಗೆ ಬೆಣ್ಣೆ ಸವರಿ ಮೇಲೆ ಪುಡಿ ಉದುರಿಸಿಕೊಂಡು ಕಚ್ಚಿದಳು. ಅದು ಮುಗಿದ ಕೂಡಲೇ ಇನ್ನೊಂದು ಬನ್ನು ತರಲು ಒಳಗೆ ಹೋದಳು.

ಅವಳು ಬರುವುದನ್ನೇ ಪಾದರಸಕ್ಕ ಕಾಯುತ್ತಿದ್ದಾಗ ಗಲ್ಲಿಯ ತುದಿಯಲ್ಲಿ ಊರುಗೋಲಿನ ಸದ್ದಾಯಿತು. ಮೇಷ್ಟ್ರು. ಬ್ರೆಡ್ಡು ಕೊಳ್ಳಲು ಬಂದವರು ಅಂಗಡಿಯ ಮುಂದೆ ಯಾರೂ ಕಾಣದೆ ಹಿಂದಕ್ಕೆ ಬಂದಿದ್ದರು. ಪಾದರಸಕ್ಕ ಅತ್ತ ಇತ್ತ ನೋಡಿದಳು. ಒಂದು ಕಡೆ ಗೂಡು, ಇನ್ನೊಂದು ಕಡೆ ಗೋಡೆ, ಮಡಿಲಲ್ಲಿ ಜರಡಿ. ಗಡಬಡಿಸಿ ಪುಡಿಯ ಮೇಲೆ ಬಟ್ಟೆ ಮುಚ್ಚಿದಳು.

"ಓಡಬೇಡಿ" ಎಂದರು ಮೇಷ್ಟ್ರು. "ನಾಲ್ಕು ತಿಂಗಳಿಂದ ನೋಡ್ತಾ ಇದ್ದೀನಿ. ನನ್ನ ಕೋಲಿನ ಸದ್ದು ಕೇಳಿದ್ರೆ ಬಾಗಿಲು ಹಾಕ್ಕೊಳ್ತೀರಿ."

"ಮೇಷ್ಟ್ರೇ, ಅವತ್ತು ನಾನು..."

"ಗೊತ್ತು. ಕೆಳಗಡೆ ಎಲ್ಲರ ಮುಂದೆ ಹೇಳಿದ್ರಂತೆ. ಊರಿಗೆಲ್ಲ ಹೇಳಿದ್ರಿ, ನನಗೊಬ್ಬನಿಗೆ ಹೇಳಲಿಲ್ಲ. ಉಸಿರು ನಿಂತಿದ್ದು ಊರಿನದಲ್ಲ, ನಂದು."

ಅವಳು ಜರಡಿ ಕೆಳಗಿಟ್ಟು ಎದ್ದು ನಿಂತಳು. "ನನ್ನದು ತಪ್ಪಾಯ್ತು, ಮೇಷ್ಟ್ರೇ. ಎರಡು ಅಂಗಿ ಹರವೋ ಅವಸರಕ್ಕೆ ನಿಮ್ಮ ಜೀವ ತೆಗೀತಿದ್ದೆ. ನಿಮ್ಮ ಮುಖ ನೋಡೋಕೆ ಧೈರ್ಯ ಬರಲಿಲ್ಲ."

ಮೇಷ್ಟ್ರು ಕೋಲಿನ ತುದಿಯಿಂದ ನೆಲ ಕೆರೆದರು. "ಸುಳ್ಳು ಯಾಕೆ ಹೇಳಲಿ, ಸಿಟ್ಟು ಬಂದಿತ್ತು. ಈಗಲೂ ನಿಮ್ಮನೇಲಿ ಪಾತ್ರೆ ಸದ್ದಾದ್ರೆ ನನ್ನ ಎದೆ ಹಿಡ್ಕೊಳ್ಳುತ್ತೆ. ಅದಕ್ಕೇ ಕಿಟಕಿ ತೆಗೆಯಲ್ಲ, ಒಳಗೇ ಬೇಯ್ತೀನಿ. ಇನ್ಹೇಲರ್ ಬಾಯಿಗಿಟ್ಟವರೂ ನೀವೇ ಅಂತಾರೆ. ಎರಡನ್ನೂ ಕೂಡಿಸಿ ಕಳೆದ್ರೆ ಏನು ಉಳಿಯುತ್ತೆ ಅಂತ ನನಗಿನ್ನೂ ಲೆಕ್ಕ ಸಿಕ್ಕಿಲ್ಲ."

"ಮನೇಲಿ ಇನ್ನು ಹುರಿಯಲ್ಲ ಮೇಷ್ಟ್ರೇ. ಹುರಿಯೋದು, ಕುಟ್ಟೋದು ಎಲ್ಲ ಇಲ್ಲೇ. ಬಂದು ಬೇಕಾದ್ರೆ ನೋಡಿ, ಒಂದು ಒಣಮೆಣಸಿನಕಾಯಿ ಕೂಡ ಮನೇಲಿಲ್ಲ."

"ನಾನ್ಯಾಕೆ ಬರಲಿ? ನೀವು ಬನ್ನಿ, ಭಾನುವಾರ" ಎಂದು ಮೇಷ್ಟ್ರು ಬ್ರೆಡ್ಡು ತೆಗೆದುಕೊಂಡು ಹೊರಟರು.

ಭಾನುವಾರ ಅವಳು ಹೋದಳು. ಗಂಡನನ್ನೂ ಎಳೆದುಕೊಂಡು ಹೋದಳು. ಮೇಷ್ಟ್ರು ಮೊಟ್ಟೆ ಬೇಯಿಸಿ, ಎರಡು ಹೋಳು ಮಾಡಿ, ಸಾಲಾಗಿ ತಟ್ಟೆಯಲ್ಲಿಟ್ಟಿದ್ದರು. ಗಂಡ ಗೋಡೆಯ ಮೇಲೆ ನಿಂತುಹೋಗಿದ್ದ ಗಡಿಯಾರ ನೋಡಿ ಆಗಲೇ ಕುರ್ಚಿ ಹತ್ತಿದ್ದ. ಅವಳು ಕುರ್ಚಿಯ ತುದಿಯಲ್ಲಿ ಕೂತು ಕೂರದಂತೆ ಇದ್ದಳು.

"ಎಲ್ಲಿ, ಆ ಪುಡಿ ತಂದಿದ್ದೀರೋ ಇಲ್ವೋ?"

"ಬೇಡ ಮೇಷ್ಟ್ರೇ. ನಿಮಗಾಗಲ್ಲ."

"ನನಗೆ ಆಗದೇ ಇರೋದು ಹೊಗೆ. ಖಾರ ಅಲ್ಲ. ಡಾಕ್ಟರನ್ನ ಕೇಳಿದ್ದೀನಿ, ಕೊಡಿ ಇಲ್ಲಿ."

ಅವಳು ಸೆರಗಿನ ಗಂಟು ಬಿಚ್ಚಿ ಸಣ್ಣ ಪೊಟ್ಟಣ ತೆಗೆದಳು. ಬೆರಳ ತುದಿಯಲ್ಲಿ ನಾಲ್ಕು ಕಣ ಉದುರಿಸಿದಳು. ಮೇಷ್ಟ್ರು ಪೊಟ್ಟಣವನ್ನೇ ಕಸಿದುಕೊಂಡು ಧಾರಾಳವಾಗಿ ಉದುರಿಸಿ ಬಾಯಿಗಿಟ್ಟರು. ಅಗಿದರು. ನಿಲ್ಲಿಸಿದರು. ಅವರ ಮೂಗು ಸೆಟೆಯಿತು, ಕಣ್ಣು ಮುಚ್ಚಿತು, ಬಾಯಿ ತೆರೆಯಿತು. ಅವಳು ಛಂಗನೆ ಎದ್ದಳು. ಇನ್ಹೇಲರ್ ಕೈಗೆ ಬಂದಾಗಿತ್ತು, ಅವಳ ಕುರ್ಚಿ ಉರುಳಿಯಾಗಿತ್ತು. ಮೇಷ್ಟ್ರು ಮನೆ ನಡುಗುವಂತೆ ಸೀನಿದರು.

"ಸೀನು, ಬರೀ ಸೀನು! ಕೂತ್ಕೊಳ್ಳಿ ತಾಯಿ!"

ಅವಳು ಕೂರಲಿಲ್ಲ. ಇನ್ಹೇಲರ್ ಹಿಡಿದು ನಿಂತೇ ಅವರ ಎದೆಯ ಏರಿಳಿತ ನೋಡುತ್ತ ಮನಸ್ಸಿನಲ್ಲೇ ಇಪ್ಪತ್ತು ಎಣಿಸಿದಳು. ಉಸಿರು ಸುಂಯ್ ಎನ್ನಲಿಲ್ಲ. ಮೇಷ್ಟ್ರು ಕಣ್ಣೀರು ಒರೆಸಿಕೊಂಡು ಇನ್ನೊಂದು ಹೋಳು ತೆಗೆದುಕೊಂಡರು.

"ಚೆನ್ನಾಗಿದೆ. ಉಪ್ಪು ಒಂದು ಸ್ವಲ್ಪ ಜಾಸ್ತಿ."

"ಉಪ್ಪಾ?" ಅವಳ ದನಿ ಏರಿತು. "ಮೂವತ್ತು ವರ್ಷದಿಂದ ಇದೇ ಉಪ್ಪು. ಇವತ್ತಿನವರೆಗೆ ಯಾರೂ ಹಾಗೆ ಹೇಳಿಲ್ಲ!"

"ಯಾರಿಗೂ ಧೈರ್ಯ ಬಂದಿರಲ್ಲ" ಎಂದ ಗಂಡ, ಗಡಿಯಾರದ ಮುಳ್ಳು ತಿರುಗಿಸುತ್ತ.

ಅವಳು ಇಬ್ಬರ ಕಡೆಗೂ ದುರುಗುಟ್ಟಿ ನೋಡಿದಳು. ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡು ನಾಲಿಗೆಯ ಮೇಲೆ ತಿರುಗಿಸಿದಳು. ಆಮೇಲೆ ಹೋಗಿ ಕಿಟಕಿಯ ಚಿಲಕ ತೆಗೆದು ಎರಡೂ ಬಾಗಿಲು ಹೊರಕ್ಕೆ ತಳ್ಳಿದಳು. ಮೇಷ್ಟ್ರು ಬೇಡ ಅನ್ನಲಿಲ್ಲ.

ಮುಂದಿನ ಮಂಗಳವಾರ ಬೇಕರಿಯ ಹಿಂದೆ ಕುಟ್ಟುವಾಗ ಕಲ್ಲುಪ್ಪಿನಲ್ಲಿ ಒಂದು ಚಮಚ ಕಡಿಮೆ ಮಾಡಿದಳು. ಹಳೆಯ ಜೊತೆಗಾತಿಯರು ತಿಂದರು, ಮಗಳು ತಿಂದಳು, ಬೇಕರಿಯವಳು ತಿಂದಳು, ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಗಂಡ ಮಾತ್ರ ಮೊದಲ ತುತ್ತಿಗೇ ತಲೆ ಎತ್ತಿದ.

"ಏನೇ, ಉಪ್ಪು ಕಮ್ಮಿ ಆಗಿದೆಯಲ್ಲ?"

"ಸುಮ್ನೆ ಊಟ ಮಾಡಿ" ಎಂದಳು ಅವಳು, ನಿಂತೇ ತಿನ್ನುತ್ತ.